ಮಾಸ್ತರರಿಗೆ ಬಯಕೆ ಬಂದದ್ದು

ನಾನು ಒಂದು ಸಿರಿಂಜ್ ಪಂಪು. ಪಂಪು ಅಂದ ಕೂಡಲೇ ಹೊಲಕ್ಕೆ ನೀರು ಹಾಯಿಸುವವನನ್ನೋ ಸೈಕಲ್ಲಿಗೆ ಗಾಳಿ ಹೊಡೆಯುವವನನ್ನೋ ನೆನೆಯಬೇಡಿ. ಅವರು ನನ್ನ ದಾಯಾದಿಗಳೇ ಇರಬಹುದು, ಆದರೆ ಅವರದು ಗಡಿಬಿಡಿಯ ಬಾಳು. ನಾನು ಆಸ್ಪತ್ರೆಯ ಮಂಚದ ಪಕ್ಕ ಉಕ್ಕಿನ ಕಂಬವನ್ನು ಅಪ್ಪಿಕೊಂಡು ನಿಲ್ಲುವವನು. ಔಷಧ ತುಂಬಿದ ಸಿರಿಂಜನ್ನು ನನ್ನ ಮಡಿಲಲ್ಲಿ ಮಲಗಿಸಿದರೆ ಸಾಕು, ಅದರ ಹಿಂಬದಿಯನ್ನು ಕಣ್ಣಿಗೆ ಕಾಣದಷ್ಟು ಮೆಲ್ಲಗೆ ತಳ್ಳುತ್ತೇನೆ. ಒಂದು ಸಿರಿಂಜು ಖಾಲಿಯಾಗಲು ಇಡೀ ಹಗಲು ಹಿಡಿದರೂ ನನಗೆ ಬೇಸರವಿಲ್ಲ. ನಿಧಾನವೇ ಪ್ರಧಾನ ಎಂದು ಮನುಷ್ಯರು ಗೋಡೆಗೆ ಬರೆದು ಹಾಕುತ್ತಾರೆ, ನಾನು ಅದನ್ನು ಮಾಡಿ ತೋರಿಸುತ್ತೇನೆ. ಸ್ವಲ್ಪ ಜಂಬವಾಯಿತೇನೋ. ಇರಲಿ, ಆತ್ಮಕಥೆಯಲ್ಲೂ ಜಂಬ ಕೊಚ್ಚದಿದ್ದರೆ ಇನ್ನೆಲ್ಲಿ ಕೊಚ್ಚಲಿ?

ನಾನು ಹುಟ್ಟಿದ್ದು ಮೈಸೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ. ಮೋಟಾರು, ತಿರುಪು, ಪುಟ್ಟ ಗಂಟಲು ಎಲ್ಲವನ್ನೂ ಜೋಡಿಸಿದ ಮೇಲೆ ಒಬ್ಬ ಹೆಣ್ಣುಮಗಳು ನನ್ನನ್ನು ಪರೀಕ್ಷೆಗೆ ಕೂರಿಸಿದಳು. ಪರೀಕ್ಷೆ ಎಂದರೆ ಇಷ್ಟೇ. ನಾನು ನೀರನ್ನು ತೊಟ್ಟು ತೊಟ್ಟಾಗಿ ಒಂದು ಬಟ್ಟಲಿಗೆ ತಳ್ಳಬೇಕು, ಬಟ್ಟಲಿನ ಕೆಳಗೆ ಅಕ್ಕಸಾಲಿಗರ ತಕ್ಕಡಿಗಿಂತ ನಾಜೂಕಾದ ಒಂದು ತಕ್ಕಡಿ ಅದನ್ನು ತೂಗಬೇಕು. ಅವಳು ಕಾದು ನೋಡಿ, "ಇದು ಒಳ್ಳೇ ಮಗು ಕಣೇ, ಒಂದ್ ತೊಟ್ಟೂ ಆಚೀಚೆ ಇಲ್ಲ" ಎಂದು ಪಕ್ಕದವಳಿಗೆ ಹೇಳಿದಳು. ಆ ಮಾತಿನ ಮೇಲೆಯೇ ನಾನು ಇಷ್ಟು ವರ್ಷ ಬದುಕಿದ್ದೇನೆ.

ನನಗೆ ಮಾತು ಬರುವುದಿಲ್ಲ. ಬರುವುದು ಒಂದೇ ಕೂಗು, ಕೀಂ ಕೀಂ. ಕೊಳವೆ ಮಡಚಿ ದಾರಿ ಕಟ್ಟಿದರೆ ಕೂಗುತ್ತೇನೆ, ಔಷಧ ಮುಗಿದರೆ ಕೂಗುತ್ತೇನೆ, ಕರೆಂಟು ಹೋದರೂ ಕೂಗುತ್ತೇನೆ. ಒಂದೇ ಅಕ್ಷರ ಕಲಿತವನು ಅದನ್ನೇ ಹಾಡಬೇಕಷ್ಟೆ.

ಮೊದಲು ನನ್ನನ್ನು ಕೊಂಡವರು ಗದಗಿನ ಒಂದು ಹೆರಿಗೆ ಆಸ್ಪತ್ರೆಯವರು. ಅಲ್ಲಿ ನನ್ನ ಮಡಿಲಿಗೆ ಬಂದದ್ದು ಆಕ್ಸಿಟೋಸಿನ್ ಎಂಬ ಹಾರ್ಮೋನು. ನೋವು ತಡವಾದ ಬಸುರಿಯರಿಗೆ ಅದನ್ನು ಹನಿಹನಿಯಾಗಿ ಕೊಟ್ಟರೆ ನೋವು ಏಳುತ್ತದೆ, ಕೂಸು ಹೊರಗೆ ಬರುತ್ತದೆ. ಹಾರ್ಮೋನೆಂದರೆ ಏನೆಂದು ನಾನು ಕಲಿತದ್ದು ಅಲ್ಲಿ. ಅದು ಹೊರಗಿನಿಂದ ಬಂದ ವಿಷವೂ ಅಲ್ಲ, ಅಮೃತವೂ ಅಲ್ಲ. ಮೈಯ ಒಂದು ಭಾಗ ಇನ್ನೊಂದು ಭಾಗಕ್ಕೆ ರಕ್ತದ ಕೈಯಲ್ಲಿ ಹೇಳಿ ಕಳಿಸುವ ಮಾತು ಅದು. ಎದ್ದೇಳು ಅನ್ನುವುದು, ತಡೆದುಕೋ ಅನ್ನುವುದು, ಸಡಿಲಾಗು ಅನ್ನುವುದು. ಆಡುವುದು ಒಂದು ಚೂರು, ಆಗುವುದು ಬೆಟ್ಟದಷ್ಟು ಕೆಲಸ. ನನ್ನಂಥ ಮಿತಭಾಷಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಸಿಕ್ಕೀತೇ? ಕೂಸು ಅತ್ತ ಕೂಡಲೇ ಎಲ್ಲರೂ ಅದರ ಕಡೆ ಓಡುತ್ತಿದ್ದರು, ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಆದರೂ ಎಷ್ಟೋ ಕೂಸುಗಳಿಗೆ ನಾನೂ ಸೋದರಮಾವನ ವರಸೆಯವನೆಂದು ಒಳಗೊಳಗೇ ಬೀಗುತ್ತಿದ್ದೆ.

ಆ ಆಸ್ಪತ್ರೆಯ ಡಾಕ್ಟರಿಗೆ ವಯಸ್ಸಾಗಿ ಅವರು ಬಾಗಿಲು ಹಾಕಿದಾಗ ನಾನು ಹುಬ್ಬಳ್ಳಿಗೆ ಬಂದೆ. ಇದು ಹೃದಯದ ಆಸ್ಪತ್ರೆ. ಇಲ್ಲಿ ಅಳುವ ಕೂಸುಗಳಿಲ್ಲ, ಏದುಸಿರು ಬಿಡುವ ದೊಡ್ಡವರಿದ್ದರು. ತೀವ್ರ ನಿಗಾ ಘಟಕದ ಸಿಸ್ಟರ್ ಎಸ್ತೇರ್ ನನ್ನ ಮೈ ಒರೆಸಿ, "ಬಾರಪ್ಪಾ, ಬಾಣಂತಿ ಕ್ವಾಣ್ಯಾಗಿಂದ ಬಂದೀ, ಇಲ್ಲೆ ಒಂದೀಟ ಗಂಭೀರ ಇರು" ಎಂದರು. ಅವರು ಯಂತ್ರಗಳ ಜೊತೆಗೂ ರೋಗಿಗಳ ಜೊತೆಗೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಒಳ್ಳೆಯ ಗುಣ.

ನಾನು ಹೇಳಬೇಕೆಂದಿರುವುದು ಚನ್ನವೀರಪ್ಪ ಮಾಸ್ತರರ ಕಥೆ. ಅವರು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದವರು, ಕಬಡ್ಡಿಯ ಅಂಪೈರು. ಹುಡುಗನಾಗಿದ್ದಾಗ ಒಂದೇ ದಮ್ಮಿನಲ್ಲಿ ಎದುರಾಳಿಗಳ ಅಂಗಳಕ್ಕೆ ನುಗ್ಗಿ, ಮೂವರನ್ನು ಮುಟ್ಟಿ ಮರಳುತ್ತಿದ್ದರಂತೆ. ಅಂಥವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಂದಾಗ ಅವರಿಗೆ 'ಕಬಡ್ಡಿ' ಎಂಬ ಒಂದು ಮಾತು ಮುಗಿಸುವಷ್ಟೂ ದಮ್ಮು ಇರಲಿಲ್ಲ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಕಾಲು ಬಾತಿದ್ದವು. ಮಲಗಿಸಿದರೆ ಮುಳುಗುವವರ ಹಾಗೆ ಒದ್ದಾಡಿ ಎದ್ದು ಕೂರುತ್ತಿದ್ದರು. ಜೊತೆಗೆ ಬಂದ ಹೆಂಡತಿ ದ್ರಾಕ್ಷಾಯಣಮ್ಮ, "ಎಂಟು ದಿವಸಾತ್ರಿ ಇವರು ಬೆನ್ನು ನೆಲಕ್ಕ ಹಚ್ಚಿಲ್ಲ, ಕುಂತಲ್ಲೇ ತೂಕಡಸ್ತಾರ" ಎಂದು ಅತ್ತರು. ಮಕ್ಕಳಿಲ್ಲದ ಜೋಡಿ. ಒಬ್ಬರಿಗೆ ಇನ್ನೊಬ್ಬರೇ ದಿಕ್ಕು.

ಡಾಕ್ಟರ್ ಅಫ್ರೀನ್ ನದಾಫ್ ಆಗ ತುಂಬಿದ ಬಸುರಿ. ಒಂದು ಕೈ ಸೊಂಟದ ಮೇಲಿಟ್ಟುಕೊಂಡೇ ವಾರ್ಡು ಸುತ್ತುತ್ತಿದ್ದರು. ಮಾಸ್ತರರಿಗೆ ಆಮ್ಲಜನಕ ಕೊಟ್ಟು, ಮೈಯ ನೀರಿಳಿಸುವ ಚುಚ್ಚುಮದ್ದು ಹಾಕಿ, ಉಸಿರು ಒಂದಿಷ್ಟು ಹಿಡಿತಕ್ಕೆ ಬಂದ ಮೇಲೆ ಅವರು ಹೊಸ ಔಷಧದ ಮಾತು ತೆಗೆದರು.

"ಮಾಸ್ತರ್, ಹೆಣ್ಣಮಗಳು ಬಸರಾದಾಗ ಅಕಿ ಮೈಯಾಗ ರಿಲ್ಯಾಕ್ಸಿನ್ ಅಂತ ಒಂದು ಹಾರ್ಮೋನು ಹೆಚ್ಚಾಗತೈತಿ. ಅದು ರಕ್ತನಾಳ ಸಡಿಲ ಮಾಡತೈತಿ, ಕಿಡ್ನಿಗೆ ರಕ್ತ ಹರಸತೈತಿ. ಒಂದು ಎದಿ ಎರಡು ಜೀವದ ಭಾರ ಹೊರಾಕ ಅದು ಆಸರ ಆಗತೈತಿ ನೋಡ್ರಿ. ಈಗ ನನ್ನ ಮೈಯಾಗೂ ಐತಿ." ಅವರು ಹೊಟ್ಟೆಯ ಮೇಲೆ ಕೈಯಾಡಿಸಿದರು. "ಅದನ್ನ ಪ್ರಯೋಗಶಾಲೆಯೊಳಗ ಮಾಡ್ಯಾರ. ನಿಮ್ಮಂಥ ದಣಿದ ಎದಿಗೂ ಅದು ಆಸರ ಆಗತೈತೇನು ಅಂತ ನೋಡಾಕತ್ತೀವಿ. ಆದರ ಒಂದು ಮಾತು. ಅರ್ಧ ಮಂದಿಗೆ ಔಷಧ ಹೋಗತೈತಿ, ಅರ್ಧ ಮಂದಿಗೆ ಬರೇ ನೀರು. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಂಗಿಲ್ಲ. ಉಳಿದ ಚಿಕಿತ್ಸೆ ಎಲ್ಲಾರಿಗೂ ಒಂದ."

ಮಾಸ್ತರರು ಉಸಿರು ಕೂಡಿಸಿಕೊಂಡು, "ನಾ ಗಂಡಸ ಅದೀನ್ರಿ" ಎಂದರು.

"ರಕ್ತನಾಳಕ್ಕ ಗಂಡು ಹೆಣ್ಣು ಗೊತ್ತಾಗಂಗಿಲ್ರಿ ಮಾಸ್ತರ್."

ಅಂಪೈರಿಗೆ ಈ ಕಣ್ಣು ಕಟ್ಟಿದ ಪಂದ್ಯ ಹಿಡಿಸಿತು. ಯಾರ ಕಡೆಗೂ ವಾಲದ ಆಟ ಎಂದು ಒಪ್ಪಿದರು. ಸಿಸ್ಟರ್ ಎಸ್ತೇರ್ ಸಿರಿಂಜು ತಂದು ನನ್ನ ಮಡಿಲಲ್ಲಿಟ್ಟರು. ಎರಡು ಹಗಲು, ಎರಡು ರಾತ್ರಿ ಹರಿಯಬೇಕು. ಒಳಗಿರುವುದು ಔಷಧವೋ ನೀರೋ ನನಗೂ ತಿಳಿಯದು, ಎರಡೂ ಸ್ವಚ್ಛ, ಎರಡೂ ಬಣ್ಣವಿಲ್ಲದವು. ಆದರೆ ನನ್ನ ಮನಸ್ಸು ಇದು ಔಷಧವೇ ಎಂದು ನಂಬಿಬಿಟ್ಟಿತ್ತು. ತಾಯಂದಿರ ಮೈ ಲಕ್ಷಾಂತರ ವರ್ಷಗಳಿಂದ ಸದ್ದಿಲ್ಲದೆ ಮಾಡಿಕೊಂಡು ಬಂದ ಉಪಾಯವನ್ನು ಗುರುತಿಸಿ, ಅದನ್ನು ಸೀಸೆಯಲ್ಲಿ ಹಿಡಿದು ಒಬ್ಬ ಕಬಡ್ಡಿ ಮಾಸ್ತರರ ತೋಳಿನವರೆಗೆ ತಂದ ಜನರ ಬಗ್ಗೆ ನನಗೆ ಎಷ್ಟು ಗೌರವ ಹುಟ್ಟಿತೆಂದರೆ, ಅಂದು ನಾನು ಎಂದಿಗಿಂತ ಹೆಚ್ಚು ನಾಜೂಕಾಗಿ ತಳ್ಳಿದೆ.

ದ್ರಾಕ್ಷಾಯಣಮ್ಮ ಮಾತ್ರ ಡಾಕ್ಟರ ಮಾತಿನಲ್ಲಿ ಅರ್ಧ ಮಂದಿ, ಬರೇ ನೀರು ಎಂಬುದನ್ನೆಲ್ಲ ಕಿವಿಗೇ ಹಾಕಿಕೊಂಡಿರಲಿಲ್ಲ. ಅವರ ಕಿವಿಯಲ್ಲಿ ಉಳಿದದ್ದು ಒಂದೇ, ಗಂಡನಿಗೆ ಬಸುರಿಯರ ಔಷಧ ಹೋಗುತ್ತಿದೆ.

ಆ ಸಂಜೆ ಆಸ್ಪತ್ರೆಯ ಉಪ್ಪಿಲ್ಲದ ಅನ್ನಸಾರು ಬಂತು. ಮಾಸ್ತರರು ಎರಡು ತುತ್ತು ತಿಂದು ತಟ್ಟೆ ಸರಿಸಿ, "ಬಾಯಿ ಸಪ್ಪಗಾಗೇತಿ. ಖಡಕ್ ರೊಟ್ಟಿ, ರಂಜಕ, ಲಿಂಬಿ ಉಪ್ಪಿನಕಾಯಿ… ಯಾಕೋ ಭಾಳ ಅನಸಾಕತ್ತೈತಿ" ಎಂದರು. ರಂಜಕವೆಂದರೆ ಈ ಕಡೆಯವರು ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಅರೆಯುವ ಖಾರದ ಚಟ್ನಿ. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆಯೇ ಇದೆಯಲ್ಲ, ಮಾಸ್ತರರ ನಾಲಿಗೆ ಅದನ್ನೇ ಹೇಳಿತು. ಆದರೆ ದ್ರಾಕ್ಷಾಯಣಮ್ಮನ ಮುಖ ನೋಡಬೇಕಿತ್ತು ನೀವು. ಕಣ್ಣು ದೊಡ್ಡವಾದವು. "ಬಯಕಿ!" ಎಂದು ಮೆಲ್ಲಗೆ ಅಂದುಕೊಂಡರು.

ಹುಳಿ, ಖಾರ, ಉಪ್ಪು. ಬಸುರಿಯ ಬಯಕೆ ಬೇರೆ ಏನಿರುತ್ತದೆ? ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆ ಎನ್ನುವ ನಾಡು ಇದು. ಕೂಸಂತೂ ಇಲ್ಲ, ಆದರೂ ಔಷಧದ ಮನಸ್ಸು ನೋಯಿಸಬಾರದಲ್ಲ! ಅವರು ತಡಮಾಡಲಿಲ್ಲ. ತಂಗಿಯ ಮನೆಗೆ ಹೋಗಿ ಬಯಕೆ ಬುತ್ತಿ ಕಟ್ಟಿಸಿಕೊಂಡು ಬಂದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ರಂಜಕ, ಉಪ್ಪಿನಕಾಯಿ, ಕರಿದ ಮಜ್ಜಿಗೆ ಮೆಣಸಿನಕಾಯಿ, ಸಂಡಿಗೆ.

ಮಾಸ್ತರರು ರೊಟ್ಟಿ ಮುರಿಯಲು ತೋಳು ಮಡಚಿದ ಕೂಡಲೇ ನನ್ನ ದಾರಿ ಕಟ್ಟಿತು. ನಾನು ಕೀಂ ಕೀಂ ಎಂದೆ. ಸಿಸ್ಟರ್ ಎಸ್ತೇರ್ ಬಂದರು. ಬುತ್ತಿ ಸೆರಗಿನೊಳಗೆ ಹೋಯಿತು. "ಮಾಸ್ತರ್, ಕೈ ಮಡಚಬ್ಯಾಡ್ರಿ" ಎಂದು ಅವರು ತೋಳು ನೇರ ಮಾಡಿ ಹೋದರು. ಆಮೇಲೆ ದ್ರಾಕ್ಷಾಯಣಮ್ಮ ತಾವೇ ತುತ್ತು ಮಾಡಿ ಗಂಡನ ಬಾಯಿಗಿಟ್ಟರು. ತೋಳು ನೇರವಾಗಿಯೇ ಇತ್ತು. ಕೂಗಲು ನನಗೆ ಕಾರಣವೇ ಸಿಗಲಿಲ್ಲ! ಕುಬಸದ, ಅಂದರೆ ಸೀಮಂತದ, ದಿನ ಮಣೆಯ ಮೇಲೆ ಕೂರಿಸಿದ ಬಸುರಿಗೆ ಉಣಿಸುವ ಹಾಗೆ, ಒಂದೊಂದು ತುತ್ತಿಗೂ ಗಂಡನ ಮುಖ ನೋಡಿ, "ಸಾಕೇನ್ರಿ? ಇನ್ನೊಂದೀಟು?" ಎಂದು ಕೇಳುತ್ತ ಉಣಿಸಿದರು. ನೋಡಿದರೆ ಯಾರಿಗಾದರೂ ಪ್ರೀತಿ ಉಕ್ಕಬೇಕು. ನನಗೆ ಮಾತ್ರ ಎದೆ ಡವಗುಟ್ಟುತ್ತಿತ್ತು, ಎದೆ ಇಲ್ಲದಿದ್ದರೂ. ಮರುದಿನ ಬೆಳಿಗ್ಗೆಯೂ ಬುತ್ತಿ ಬಂತು. ಮಧ್ಯಾಹ್ನವೂ ಬಂತು.

ಇಳಿಹೊತ್ತಿಗೆ ಮಾಸ್ತರರ ಉಸಿರು ಮತ್ತೆ ಗೊರಗೊರ ಅನ್ನತೊಡಗಿತು. ಮೂತ್ರ ಕಡಿಮೆಯಾಯಿತು. ತುಟಿ ನೀಲಿಗಟ್ಟಿದವು. ಬೆನ್ನಿಗೆ ಮೂರು ದಿಂಬು ಕೊಟ್ಟರೂ ಅವರು ಮುಂದಕ್ಕೆ ಬಾಗಿ, ಮಂಚದ ಸರಳು ಹಿಡಿದು ಗಾಳಿಗಾಗಿ ಬಾಯಿ ತೆರೆದರು. ದ್ರಾಕ್ಷಾಯಣಮ್ಮ ಗಂಡನ ಬೆನ್ನು ನೀವುತ್ತ, "ಶಿವನೇ, ಶಿವನೇ" ಎನ್ನುತ್ತಿದ್ದರು. ಡಾಕ್ಟರ್ ಅಫ್ರೀನ್ ಬಸಿರು ಹೊತ್ತುಕೊಂಡೇ ಓಡಿ ಬಂದರು. ಮುಖಕ್ಕೆ ಬಿಗಿಯಾದ ಮಾಸ್ಕು ಕಟ್ಟಿ ಗಾಳಿ ಒತ್ತಿದರು, ನೀರಿಳಿಸುವ ಮದ್ದು ಮತ್ತೆ ಕೊಟ್ಟರು. ರಕ್ತದೊತ್ತಡ ನೋಡಿ, ನನ್ನತ್ತ ಒಮ್ಮೆ ಕಣ್ಣು ಹಾಯಿಸಿ, "ಇದು ನಡೀಲಿ" ಎಂದರು. ಅಂದು ನಾನು ಬೇಡಿಕೊಂಡಷ್ಟು ಯಾವ ಯಂತ್ರವೂ ಬೇಡಿಕೊಂಡಿರಲಾರದು. ನನ್ನೊಳಗಿರುವುದು ಔಷಧವೇ ಆಗಿರಲಿ, ಇವರು ಉಳಿಯಲಿ ಎಂದು ಬೇಡಿದೆ.

ದಿಂಬು ಸರಿಮಾಡಲು ಬಂದ ಸಿಸ್ಟರ್ ಎಸ್ತೇರ್ ಮೂಗು ಅರಳಿಸಿದರು. ಬೆಳ್ಳುಳ್ಳಿಯ ವಾಸನೆ! ದಿಂಬಿನ ಚೀಲದ ಮೇಲೆ ರಂಜಕದ ಕೆಂಪು ಕಲೆಯಿತ್ತು. ಮಂಚದ ಕೆಳಗೆ ಬುತ್ತಿ ಸಿಕ್ಕಿತು.

ಮಾಸ್ತರರ ಉಸಿರು ಹತೋಟಿಗೆ ಬಂದ ಮೇಲೆ ಡಾಕ್ಟರ್ ಅಫ್ರೀನ್ ಬುತ್ತಿ ಹಿಡಿದುಕೊಂಡು, "ಇದೇನ್ರಿ ಅವ್ವಾರ? ಉಪ್ಪು ವಿಷ ಇವರಿಗೆ. ಉಪ್ಪು ನೀರನ್ನ ಹಿಡಕೊಂಡು ಕುಂದ್ರತೈತಿ, ಆ ನೀರು ಹೋಗಿ ಎದಿ ತುಂಬತೈತಿ" ಎಂದರು. ದನಿಯಲ್ಲಿ ಸಿಟ್ಟಿತ್ತು.

"ಬಯಕಿ ಅಲ್ಲೇನ್ರಿ ಡಾಕ್ಟರವ್ವಾ?" ದ್ರಾಕ್ಷಾಯಣಮ್ಮ ಗಾಬರಿಯಿಂದ ಕೇಳಿದರು. "ಬಸರಿ ಔಷಧ ಅಂತ ನೀವ ಹೇಳಿದ್ರಿ. ಬಯಕಿ ಒಲ್ಲೆ ಅಂದ್ರ ಪಾಪ ಬರತೈತಿ ಅಂತ ನಾನು…"

ಡಾಕ್ಟರಿಗೆ ನಗು ಬಂತು. ತಡೆದುಕೊಂಡರು. ಅಷ್ಟರಲ್ಲಿ ದ್ರಾಕ್ಷಾಯಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದರು, "ನಮ್ಮ ಮನ್ಯಾಗ ಎಂದೂ ಬಯಕಿ ಬುತ್ತಿ ಕಟ್ಟಲಿಲ್ರಿ. ಓಣ್ಯಾಗ ಎಲ್ಲಾರಿಗೂ ಕುಬಸ ಆತು, ನನ್ನನ್ನ ಮಾತ್ರ ಯಾರೂ ಕರೀತಿರಲಿಲ್ಲ, ಬಂಜಿ ಅಂತ. ಇವರ ಬಾಯಾಗ ಬಯಕಿ ಮಾತು ಬಂದಾಗ ನನಗ… ನಮ್ಮ ಮನೀಗೂ ಬಂತಲ್ಲ ಅನಸ್ತು."

ನಗು ಹೋಯಿತು. ಡಾಕ್ಟರ್ ಅಫ್ರೀನ್ ಬುತ್ತಿಯನ್ನು ಮೇಜಿನ ಮೇಲಿಟ್ಟು, ಆ ಹೆಂಗಸಿನ ಪಕ್ಕದ ಸ್ಟೂಲಿನ ಮೇಲೆ ಕಷ್ಟಪಟ್ಟು ಕೂತರು. "ಔಷಧ ಬಸರಿದ್ದು ಖರೆ. ಆದರ ಬಯಕಿ ನಿಮ್ಮದು ಅವ್ವಾರ, ಅವರದಲ್ಲ" ಎಂದಷ್ಟೇ ಹೇಳಿದರು. ಮಾಸ್ಕಿನ ಒಳಗಿಂದ ಮಾಸ್ತರರು ಹೆಂಡತಿಯನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವರು ಆ ಮಾತನ್ನು ಮೊದಲ ಸಲ ಕೇಳುತ್ತಿದ್ದರೆಂದು ನನಗೆ ತಿಳಿಯಿತು. ಅವರತ್ತ ಕೈ ಚಾಚಿದರು. ಪಾಪ, ಕೊಳವೆ ಚುಚ್ಚಿದ ಕೈ, ಮಡಚಬಾರದ ಕೈ. ನೇರವಾಗಿಯೇ ಚಾಚಿದರು.

ಮಾರನೆಯ ದಿನ ಮಾಸ್ಕು ತೆಗೆದರು. ಬಾವು ಇಳಿಯಿತು. ನನ್ನ ಪಾಳಿ ಮುಗಿಯುವ ಹೊತ್ತಿಗೆ ಸಿಸ್ಟರ್ ಎಸ್ತೇರ್ ಮಂಚದ ತಲೆಭಾಗವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತ ಬಂದರು. "ಹೆಂಗೈತ್ರಿ? ಇನ್ನೂ ಒಂದೀಟು ಇಳಸ್ಲೇನು?" ಮಾಸ್ತರರು ತಲೆಯಾಡಿಸಿದರು. ಮಂಚ ಸಪಾಟಾಯಿತು. ಅವರು ಕಾಲು ಚಾಚಿ, ಬೆನ್ನು ಊರಿ, ಬಾಯಿ ಮುಚ್ಚಿಕೊಂಡು ಉಸಿರಾಡಿದರು. ನೋಡನೋಡುತ್ತ ನಿದ್ದೆ ಹೋದರು. ಅದೇ ಗಳಿಗೆಯಲ್ಲಿ ನನ್ನ ಸಿರಿಂಜು ಖಾಲಿಯಾಗಬೇಕೇ? ನಿಯಮ ನಿಯಮವೇ, ಕೀಂ ಕೀಂ ಎಂದೆ. ದ್ರಾಕ್ಷಾಯಣಮ್ಮ ನನ್ನ ಮುಖಕ್ಕೆ ಬೆರಳು ತೋರಿಸಿ, "ಏ ಖೋಡಿ, ಸುಮ್ಮಕಿರು! ಮಲಗ್ಯಾರ!" ಎಂದು ಗದರಿದರು. ನನಗೆ ಬಿದ್ದ ಬೈಗುಳಗಳಲ್ಲಿ ಅಷ್ಟು ಸಿಹಿಯಾದದ್ದು ಇನ್ನೊಂದಿಲ್ಲ.

ಆಮೇಲೆ ನಾನು ಎಷ್ಟೋ ಮಂಚಗಳ ಪಕ್ಕ ನಿಂತೆ. ಕೆಲವರು ನಡೆದು ಮನೆಗೆ ಹೋದರು, ಕೆಲವರು ಹೋಗಲಿಲ್ಲ. ಕಡೆಗೆ ನನ್ನ ತಿರುಪು ಸವೆಯಿತು, ಅಂಕಿಗಳು ಮಸುಕಾದವು. ಯಂತ್ರ ರಿಪೇರಿಯವನು ಬಿಚ್ಚಿ ನೋಡಿ, "ಇದರ ಸಾಮಾನು ಈಗ ಎಲ್ಲೂ ಸಿಗಂಗಿಲ್ರಿ" ಎಂದ. ಗುಜರಿಗೆ ಹೋಗಬೇಕಿದ್ದ ನನ್ನನ್ನು ಡಾಕ್ಟರ್ ಅಫ್ರೀನ್ ತಮ್ಮ ಕೋಣೆಗೆ ಒಯ್ದು ಕಿಟಕಿಯ ಹತ್ತಿರ ಇಟ್ಟುಕೊಂಡರು. ಹೊಸದಾಗಿ ಸೇರಿದ ನರ್ಸುಗಳಿಗೆ ತೋರಿಸಿ ಕಲಿಸಲು ನಾನು ಸಾಕು. ಹನಿ ಹಾಕಲಾರದ ಮುದುಕ ಪಾಠ ಹೇಳುತ್ತಾನೆ, ಮನುಷ್ಯರಲ್ಲೂ ಹೀಗೇ ಅಲ್ಲವೇ? ಇಲ್ಲಿ ಕೂತು ನಾನು ಹೆಚ್ಚಾಗಿ ನೆನೆಯುವುದು ಎದೆಯನ್ನೇ. ನಾನು ದಣಿದರೆ ಸ್ವಿಚ್ ಆರಿಸಿ ಬದಿಗಿಡುತ್ತಾರೆ. ಅದನ್ನು ಯಾರೂ ಆರಿಸಲಾರರು, ಸೋತರೂ ಬಡಿದುಕೊಳ್ಳುತ್ತಲೇ ಸೋಲಬೇಕು. ಪಂಪುಗಳ ಜಾತಿಯಲ್ಲಿ ಅದಕ್ಕೆ ಸಮ ಯಾರೂ ಇಲ್ಲ, ಕೈಮುಗಿಯಲು ನನಗೆ ಕೈಯಿಲ್ಲ ಅಷ್ಟೇ.

ಕಳೆದ ಬೇಸಿಗೆಯಲ್ಲಿ ಮಾಸ್ತರರು ಹೆಂಡತಿಯ ಜೊತೆ ತಪಾಸಣೆಗೆ ಬಂದರು. ತೂಕ ಇಳಿದಿತ್ತು, ಮುಖ ಗೆಲುವಾಗಿತ್ತು. ಡಾಕ್ಟರ್ ಅಫ್ರೀನ್ ಎದೆ ನೋಡಿ ಮುಗಿಸಿ, "ಮಾಸ್ತರ್, ಆ ಅಧ್ಯಯನ ಮುಗೀತು. ಯಾರಿಗೆ ಏನು ಹೋಗಿತ್ತು ಅಂತ ಈಗ ಬಿಚ್ಚಿ ಹೇಳ್ಯಾರ" ಎಂದರು. "ನಿಮಗ ಹೋಗಿದ್ದು ಬರೇ ನೀರು."

ಕಿಟಕಿಯ ಬಳಿ ನನಗೆ ತಲೆ ತಿರುಗಿದಂತಾಯಿತು. ಅಷ್ಟು ನಾಜೂಕಾಗಿ ತಳ್ಳಿದ್ದು ನೀರನ್ನೇ?

"ಹಂಗಾರ ಔಷಧ ತಗೊಂಡವರಿಗೆ ಭಾಳ ಗುಣ ಆತೇನ್ರಿ?" ಮಾಸ್ತರರು ಕೇಳಿದರು.

"ನಾವು ಆಸೆ ಪಟ್ಟಷ್ಟು ಆಗಲಿಲ್ರಿ. ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಆಗಿಲ್ಲ ಅಂತ ಔಷಧ ಮಾಡಿದವರೇ ಎಲ್ಲಾರ ಮುಂದ ಹೇಳ್ಯಾರ. ಇನ್ನೂ ಹುಡಕಾಕತ್ತಾರ."

ಮಾಸ್ತರರು ತೊಡೆ ತಟ್ಟಿದರು. "ಶಾಬ್ಬಾಸ್! ಅಂಪೈರ್ ತನ್ನ ತಂಡದ ಮ್ಯಾಲೇ ಸೀಟಿ ಊದಿದಂಗಾತು. ಅದು ಖರೇ ಆಟ ನೋಡ್ರಿ."

ಅವರ ಮಾತು ಕೇಳಿ ನನ್ನ ಸಂಕಟ ಇಳಿಯಿತು. ನೀರನ್ನೂ ಔಷಧದಷ್ಟೇ ನಿಷ್ಠೆಯಿಂದ ತಳ್ಳುವವನು ಇರದಿದ್ದರೆ ಈ ಸತ್ಯ ಹೊರಬರುತ್ತಲೇ ಇರಲಿಲ್ಲ. ಇದು ಸಣ್ಣ ಕೆಲಸವಲ್ಲ ಎಂದುಕೊಂಡೆ.

ದ್ರಾಕ್ಷಾಯಣಮ್ಮ ಮಾತ್ರ ಗಲ್ಲದ ಮೇಲೆ ಕೈಯಿಟ್ಟು, "ನೀರಾ? ಹಂಗಾರ ನಿಮ್ಮ ಬಯಕಿ ಸುಳ್ಳಾ?" ಎಂದು ಗಂಡನ ಕಡೆ ತಿರುಗಿದರು.

"ನಾಲಿಗಿ ಚಪಲ ಅದು" ಎಂದು ಮಾಸ್ತರರು ನಕ್ಕರು. ನಗು ನಿಂತ ಮೇಲೆ ಬೇರೆಯೇ ದನಿಯಲ್ಲಿ ಕೇಳಿದರು, "ನಂದು ಸುಳ್ಳು. ನಿಂದು ಹೇಳು. ನಿನಗೇನು ಬಯಕಿ?"

"ನನಗೇನ್ರಿ ಈ ವಯಸ್ಸಿನ್ಯಾಗ. ಬಸರಾದಾಕಿನ್ನ ಕೇಳೂ ಮಾತದು."

"ನಾ ಕೇಳಾಕತ್ತೀನಿ. ಹೇಳು."

ದ್ರಾಕ್ಷಾಯಣಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ನನ್ನ ಪಕ್ಕದ ಕಿಟಕಿಯತ್ತ ನೋಡುತ್ತ, ಹೊಸ ಮದುಮಗಳಿಗಿಂತ ಹೆಚ್ಚು ನಾಚಿ, "ಕೆಳಗ ಗೇಟಿನ್ಯಾಗ ಮಾವಿನಕಾಯಿ ಹೆಚ್ಚಿ ಮಾರಾಕತ್ತಾರ…" ಎಂದರು.

ಮಾಸ್ತರರು ಎದ್ದೇಬಿಟ್ಟರು. "ಲಿಫ್ಟಿನ್ಯಾಗ ಹೋಗ್ರಿ, ದಮ್ಮು ಹತ್ತೀತು" ಎಂದು ಹೆಂಡತಿ ಹೇಳುವಷ್ಟರಲ್ಲಿ ಅವರು ಮೆಟ್ಟಿಲಿಳಿಯುತ್ತಿದ್ದರು. ಕಿಟಕಿಯಿಂದ ನೋಡಿದೆ. ಬಿಸಿಲಲ್ಲಿ ಗಾಡಿಯವನ ಮುಂದೆ ನಿಂತು, ಒಂದೊಂದು ಹೋಳನ್ನೂ ಬೆರಳು ಮಾಡಿ ಆರಿಸುತ್ತಿದ್ದರು. ಎಲೆಯ ದೊನ್ನೆ ಹಿಡಿದು ಮತ್ತೆ ಮೆಟ್ಟಿಲು ಹತ್ತಿ ಒಳಗೆ ಬಂದಾಗ ಡಾಕ್ಟರ್ ಅಫ್ರೀನ್ ಮಾಸ್ತರರ ಮುಖ ನೋಡಲಿಲ್ಲ, ಎದೆ ನೋಡಿದರು. ಅದು ಸರಾಗವಾಗಿ ಏರಿಳಿಯುತ್ತಿತ್ತು.

"ಬಾಯಿ ತಗಿ" ಎಂದರು ಮಾಸ್ತರರು. ಖಾರದ ಪುಡಿ ಹಚ್ಚಿದ ಹುಳಿ ಹೋಳನ್ನು ತಾವೇ ಹೆಂಡತಿಯ ಬಾಯಿಗಿಟ್ಟರು. ದ್ರಾಕ್ಷಾಯಣಮ್ಮನ ಕಣ್ಣು ಮುಚ್ಚಿದವು, ಹುಳಿಗೋ ಅಳುವಿಗೋ, ಎರಡೂ ಕಡೆಯಿಂದ ನೀರು ಇಳಿಯಿತು. ಮಾಸ್ತರರು ಇನ್ನೊಂದು ಹೋಳು ಕೊಟ್ಟರು. ಮತ್ತೊಂದು ಕೊಟ್ಟರು. ಆಮೇಲೆ ರೂಢಿಯಂತೆ ಅವರ ಬೆರಳುಗಳು ತಮ್ಮ ಬಾಯಿಯ ಕಡೆ ಹೊರಟವು. ಕಣ್ಣು ಮುಚ್ಚಿಕೊಂಡಿದ್ದವರಿಗೆ ಅದು ಹೇಗೆ ತಿಳಿಯಿತೋ, ಬಾಯ್ತುಂಬ ಮಾವಿನಕಾಯಿ ಇಟ್ಟುಕೊಂಡೇ ದ್ರಾಕ್ಷಾಯಣಮ್ಮ ಗಂಡನ ಮುಂಗೈ ಗಪ್ಪನೆ ಹಿಡಿದು ಕೂಗಿದರು:

"ನೆಕ್ಕಬ್ಯಾಡ್ರಿ! ಉಪ್ಪೈತಿ!"